ರಾಗಿ ಹೊಲದ ಮಾತ್ರೆಪಟ್ಟಿಗಳು

ಕಂತು ಹನ್ನೊಂದು

ಲತಾಮಣಿ ಎರಡನೆಯ ಸಲ ಎಣಿಸಿದಳು. ಇಪ್ಪತ್ತಮೂರೇ ಇದ್ದವು.

ಕಟಾವಿಗೆ ಬಂದ ರಾಗಿ ಹೊಲ. ಬದುವಿನುದ್ದಕ್ಕೂ ನಾಲ್ಕು ಗೂಟ, ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ ಹುರಿ. ಆ ಹುರಿಗೆ ಹಳೇ ಸೀರೆಯ ಅಂಚಿನ ಚೂರುಗಳಲ್ಲಿ ಗಂಟು ಹಾಕಿ ಇಳಿಬಿಟ್ಟ ಖಾಲಿ ಮಾತ್ರೆಪಟ್ಟಿಗಳು. ಗಾಳಿ ಬೀಸಿದಾಗಲೆಲ್ಲ ಗಿರ್ರನೆ ತಿರುಗಿ ಬಿಸಿಲಿಗೆ ಹೊಳೆಯುತ್ತಿದ್ದವು. ಗುಬ್ಬಿಗಳ ಹಿಂಡು ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಕೂತು ಗಲಾಟೆ ಮಾಡುತ್ತಿತ್ತೇ ಹೊರತು ಇತ್ತ ಸುಳಿಯುತ್ತಿರಲಿಲ್ಲ.

"ಇದನ್ನ ಕಟ್ಟಿದ್ದು ಯಾರು ಯಜಮಾನ್ರೆ?" ಎಂದು ಕೇಳಿದಳು.

"ಇನ್ಯಾರು, ನಮ್ಮವಳೇಯ," ಎಂದ ಚಿಕ್ಕಯ್ಯ. "ಒಂದು ಪಟ್ಟಿ ಮುಗೀತು ಅಂದ್ರೆ ತಂದು ಇಲ್ಲಿ ಕಟ್ಟೋಳು. ಗುಬ್ಬಿ ಬರಾಕಿಲ್ಲ ಅನ್ನೋಳು. ಔಳು ಹೋದ್ಮೇಲೆ ನಾನು ಮುಟ್ಟಿಲ್ಲ ಕಣವ್ವಾ."

ಅವನ ಹೆಂಡತಿ ದಾಸಮ್ಮ ಸತ್ತು ಇಪ್ಪತ್ತನಾಲ್ಕು ದಿನವಾಗಿತ್ತು. ಎರಡು ತಿಂಗಳಲ್ಲಿ ಸಾತನೂರಿನ ಸುತ್ತಮುತ್ತ ಮೂರು ಸಾವು, ಮೂರಕ್ಕೂ ಕಿಡ್ನಿ ಕೈಕೊಟ್ಟದ್ದೇ ಕಾರಣ, ಮೂವರ ಹೆಸರೂ ಹಾರೋಹಳ್ಳಿಯ 'ಗುಳಿಗೆಗಣ್ಣು' ಎಂಬ ಸಂಸ್ಥೆಯ ಕಡತದಲ್ಲಿ. ಸಬ್ ಇನ್‌ಸ್ಪೆಕ್ಟರ್ ಲತಾಮಣಿಯ ಕೈಯಲ್ಲಿ ಇವತ್ತು ಬೆಳಗಿನವರೆಗೆ ಇದ್ದ ದಾಖಲೆ ಇಷ್ಟೇ. ಸಂಸ್ಥೆಯವರು ಕೊಟ್ಟ ಕಡತವಂತೂ ಎಷ್ಟು ಚೊಕ್ಕಟವಾಗಿತ್ತೆಂದರೆ ಅದನ್ನು ಓದಿದಾಗಲೇ ಅವಳ ಮೂಗು ಅರಳಿತ್ತು.

ಒಂದು ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿದಳು. ಹಿಂಬದಿಯಲ್ಲಿ ಚಿಕ್ಕ ದುಂಡು ಚೀಟಿ. ಅದರ ಮೇಲೆ ಮನೆ ನಂಬರು, ಮಾತ್ರೆ ಕೊಟ್ಟ ತಾರೀಕು. ಬಿಸಿಲಿಗೆ ಬಣ್ಣ ಹಾರಿದ್ದರೂ ಅಕ್ಷರ ಓದುವ ಹಾಗಿತ್ತು.

ಗುಳಿಗೆಗಣ್ಣಿನವರು ತಿಂಗಳಿಗೊಮ್ಮೆ ಹಳ್ಳಿಯಲ್ಲಿ ಕ್ಯಾಂಪ್ ಹಾಕುತ್ತಿದ್ದರು. ಡಾಕ್ಟರು ಬರೆದ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದ್ದರು. ಖಾಲಿ ಪಟ್ಟಿಯನ್ನು ಮಾತ್ರ ಮುಂದಿನ ಸಲ ತಪ್ಪದೆ ವಾಪಸ್ ತರಬೇಕು. ಯಾರು ನುಂಗಿದರು, ಯಾರು ಬಿಟ್ಟರು ಎಂದು ಅವರಿಗೆ ತಿಳಿಯಬೇಕಲ್ಲ.

"ಇವನ್ನ ಅವರು ವಾಪಸ್ ಕೇಳಲಿಲ್ವಾ?"

ಚಿಕ್ಕಯ್ಯ ತಲೆ ಕೆರೆದುಕೊಂಡ. "ಕೇಳೋರು. ಆಡು ತಿಂದ್ಬುಡ್ತು ಅಂತ ಯೋಳ್ಬುಡೋಳು. ಪ್ರತಿ ಸತೀನೂ ಅದೇಯ. ಹೊಳೆಯೋ ವಸ್ತು, ಅವ್ರಿಗ್ಯಾಕೆ ಕೊಡ್ಬೇಕು ಅಂತ."

ಕಂಡೇ ಇರದ ಆ ಹೆಂಗಸಿನ ಮೇಲೆ ಲತಾಮಣಿಗೆ ಪ್ರೀತಿ ಉಕ್ಕಿತು. ಮೊದಲ ಗೂಟದಿಂದ ಶುರುಮಾಡಿ ಒಂದೊಂದರ ತಾರೀಕನ್ನೂ ಓದುತ್ತ ಹೋದಳು. ದಾಸಮ್ಮ ಪಟ್ಟಿ ಮುಗಿದಂತೆಲ್ಲ ಕಟ್ಟಿದ್ದರಿಂದ ಸಾಲು ತಪ್ಪಿರಲಿಲ್ಲ. ಮೊದಲು ಬರೀ ಹಳದಿ ಪಟ್ಟಿಗಳು, ಅದು ರಕ್ತದ ಕೊಬ್ಬಿನ ಮಾತ್ರೆ. ಆಗಸ್ಟ್ ಇಪ್ಪತ್ತರಿಂದ ನಡುನಡುವೆ ನೀಲಿ ಪಟ್ಟಿ. ಅದು ಬೆನ್ನಿನ ಗಜಕರ್ಣಕ್ಕೆಂದು ಕೊಟ್ಟ ಹೊಸ ಕ್ಯಾಪ್ಸೂಲ್. ಹಳದಿ, ನೀಲಿ, ಹಳದಿ, ನೀಲಿ. ಕೊನೆಯ ಹಳದಿ ಪಟ್ಟಿಯ ತಾರೀಕು ಅಕ್ಟೋಬರ್ ಇಪ್ಪತ್ತು.

ಸಂಸ್ಥೆಯ ಕಡತದಲ್ಲಿ ದಾಸಮ್ಮ ಹಳದಿ ಮಾತ್ರೆಯನ್ನು ಆಗಸ್ಟ್ ಐದಕ್ಕೇ ಬಿಟ್ಟಿದ್ದಳು. ಅಂದರೆ ಎರಡೂ ಒಟ್ಟಿಗೆ ಅವಳ ಹೊಟ್ಟೆ ಸೇರಿಯೇ ಇಲ್ಲ ಎಂದು ಹೇಳುವ ಕಡತ ಅದು. ಹೆಂಗಸು ಸತ್ತ ಮೇಲೆ ಯಾರೋ ಕೂತು ತಾರೀಕು ತಿದ್ದಿದ್ದರು. ಆಡಿನ ಹೊಟ್ಟೆಗೆ ಹೋದವೆಂದು ನಂಬಿದ್ದ ಪಟ್ಟಿಗಳು ಹೊಲದಲ್ಲಿ ಗುಬ್ಬಿ ಕಾಯುತ್ತಿರುವುದು ಪಾಪ ಅವರಿಗೆ ಗೊತ್ತಿರಲಿಲ್ಲ.

"ಕಡೆಗಾಲದಲ್ಲಿ ಅವರಿಗೆ ಏನೇನಾಯ್ತು, ನೆನಪಿದ್ದಷ್ಟು ಹೇಳಿ."

"ಮೊದ್ಲು ಮೀನಖಂಡ ನೋವು ಅಂದ್ಲು. ಕುರಿ ಹಿಂದೆ ಸುತ್ತಿದ್ರೆ ಇನ್ನೇನಾದದು ಅಂತ ನಾನೇ ಬೈದೆ. ಆಮೇಲೆ ಹೊಸ್ಲು ದಾಟಕ್ಕೂ ಕಾಲೆತ್ತಕ್ಕಾಗ್ನಿಲ್ಲ. ಉಚ್ಚೆ ಕಾಪಿ ಡಿಕಾಕ್ಸನ್ ಇದ್ದಂಗೆ ಹೋಯ್ತಿತ್ತಂತೆ. ನಾಚ್ಕೊಂಡು ಯೋಳೇ ಇರ್ನಿಲ್ಲ." ಚಿಕ್ಕಯ್ಯ ಕುರಿಗಳ ಕಡೆ ಮುಖ ತಿರುಗಿಸಿಕೊಂಡ. "ಬೈದ್ಬುಟ್ಟೆ ಕಣವ್ವಾ."

ಆಸ್ಪತ್ರೆಯ ಡಾಕ್ಟರು ಹೇಳಿದ್ದೂ ಇದನ್ನೇ. ಮಾಂಸಖಂಡ ಒಳಗೊಳಗೇ ಕರಗಿ ರಕ್ತಕ್ಕೆ ಸೇರಿ ಕಿಡ್ನಿಯನ್ನು ಕೆಡಿಸಿಬಿಟ್ಟಿತ್ತು. ಆಗ ಕಾರಣ ಗೊತ್ತಾಗಿರಲಿಲ್ಲ. ಈಗ ಕಾರಣ ಹುರಿಯ ಮೇಲೆ ತೂಗಾಡುತ್ತಿತ್ತು.

ಕಾನ್‌ಸ್ಟೇಬಲ್ ಮುಷರಫ್ ಪಂಚರನ್ನು ಕೂರಿಸಿಕೊಂಡು ಮಹಜರು ಬರೆಯತೊಡಗಿದ. ಅವನನ್ನು ಅಲ್ಲೇ ಕಾವಲಿಗೆ ಬಿಟ್ಟು, ಒಂದು ಹಳದಿ ಒಂದು ನೀಲಿ ಪಟ್ಟಿಯನ್ನು ಕವರಿನಲ್ಲಿ ಹಾಕಿ ಸಹಿ ಮಾಡಿಸಿಕೊಂಡು ಲತಾಮಣಿ ರಸ್ತೆಯ ಕಡೆ ನಡೆದಳು.

ಜೀಪು ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಡ್ರೈವರ್ ಲಕ್ಷ್ಮಯ್ಯ ಒಳಗೇ ಕೂತಿದ್ದ. ಐವತ್ತಮೂರು ವರ್ಷದ ಆಸಾಮಿ, ಇದೇ ಸಾತನೂರಿನವನು, ಹನ್ನೊಂದು ವರ್ಷದಿಂದ ಠಾಣೆಯ ಜೀಪು ಅವನದೇ. ಬೇರೆ ದಿನವಾಗಿದ್ದರೆ ಮಹಜರಿನ ಪೆಟ್ಟಿಗೆ ಹೊತ್ತುಕೊಂಡು ಹೊಲದವರೆಗೂ ಬರುತ್ತಿದ್ದ. ಇವತ್ತು ಬಂದಿರಲಿಲ್ಲ.

"ಕಾಲು ಹಿಡ್ಕೊಂಡ್ಬುಟ್ಟೈತೆ ಮೇಡಂ," ಎಂದ. ಭಾನುವಾರ ಹರಕೆ ಅಂತ ರೇವಣಸಿದ್ಧೇಶ್ವರ ಬೆಟ್ಟ ಹತ್ತಿದ್ದನಂತೆ. ಮೆಟ್ಟಿಲು ಹತ್ತುವ ವಯಸ್ಸೇ ನಿಮ್ಮದು ಎಂದು ಅವಳು ಚೇಷ್ಟೆ ಮಾಡಿದಳು. ಅವನು ನಕ್ಕು ಗೇರು ಹಾಕಿದ. ಹಾಕುತ್ತಲೇ ಎಡಗೈಯನ್ನು ಬೆಲ್ಟಿನ ಸಂದಿಗೆ ತೂರಿಸಿ ಕರಕರ ಕೆರೆದುಕೊಂಡ.

ಲತಾಮಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಲಕ್ಷ್ಮಯ್ಯನಷ್ಟು ನಂಬಿಕಸ್ಥ ಇನ್ನೊಬ್ಬನಿಲ್ಲ, ಆದರೆ ಈ ಕೆರೆದುಕೊಳ್ಳುವ ಚಾಳಿ ಕಂಡರೆ ಅವಳಿಗೆ ಮೈಯೆಲ್ಲ ಮುಳ್ಳು. ಅವಳಿಗೆ ಹೇಸಿಗೆ ಬೇಗ ಬರುತ್ತದೆ, ಠಾಣೆಯಲ್ಲಿ ಎಲ್ಲರಿಗೂ ಗೊತ್ತು. ಟೇಬಲ್ ಮೇಲೆ ಟೀ ಕಲೆ ಕಂಡರೂ ಸಾಕು, ಅರ್ಧ ದಿನ ಮುಖ ಗಂಟು.

ದಾರಿಯಲ್ಲಿ ಅವಳ ತಲೆ ತುಂಬ ಸಿಂಧು ಹೇಳಿದ್ದೇ ಓಡುತ್ತಿತ್ತು. ಗುಳಿಗೆಗಣ್ಣಿನಲ್ಲಿ ಎರಡು ವರ್ಷ ದುಡಿದು ಕೆಲಸ ಬಿಟ್ಟು ಬಂದ ಹುಡುಗಿ ಅವಳು. ಕಳೆದ ವಾರ ದೊಡ್ಡಮಳೂರಿನ ಮನೆಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಒಂದು ಮಾತ್ರೆ ಒಳಗಿರುವಾಗ ಇನ್ನೊಂದು ಸೇರಿದರೆ ಕೆಲವು ಸಲ ಎರಡೂ ಕಚ್ಚಾಡುತ್ತವೆ. ಒಂದು ಲಿವರಿನ ಕೆಲಸ ಕಟ್ಟಿಹಾಕುತ್ತದೆ, ಇನ್ನೊಂದು ಹೊರಗೆ ಹೋಗಲು ದಾರಿಯಿಲ್ಲದೆ ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಇರುವ ಮಾತ್ರೆಗಳೆಷ್ಟೋ ಸಾವಿರ. ಯಾವುದರ ಜೊತೆ ಯಾವುದು ಎಂದು ಎಲ್ಲ ಜೋಡಿಗಳನ್ನೂ ಮನುಷ್ಯರಿಗೆ ನುಂಗಿಸಿ ನೋಡಲಾಗುವುದಿಲ್ಲ. ಅದಕ್ಕೇ ಕಂಪ್ಯೂಟರು. ಅಣುವಿನ ಆಕಾರ, ಅದು ಮೈಯಲ್ಲಿ ಯಾವುದಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ನುಂಗಿದವರಿಗೆ ಹಿಂದೆ ಏನೇನಾಗಿದೆ, ಎಲ್ಲವನ್ನೂ ತುಂಬಿಸಿ ಕಲಿಸುತ್ತಾರೆ. ಆಮೇಲೆ ಯಾವ ಪುಸ್ತಕದಲ್ಲೂ ಇಲ್ಲದ ಜೋಡಿ ಕೊಟ್ಟರೂ ಯಂತ್ರ ನೂರಕ್ಕೆ ಇಷ್ಟು ಅಪಾಯ ಎಂದು ಅಂಕ ಹೇಳುತ್ತದೆ.

ಒಳ್ಳೆಯ ವಿದ್ಯೆಯೇ ಅದು, ಜೀವ ಉಳಿಸುವ ವಿದ್ಯೆ ಎಂದಿದ್ದಳು ಸಿಂಧು. ಯಂತ್ರ ಚೆನ್ನಾಗಿ ಕಲಿತಿದೆಯೋ ಇಲ್ಲವೋ ನೋಡಲು ಒಂದಷ್ಟು ಹಳೆಯ ದಾಖಲೆಗಳನ್ನು ಅದಕ್ಕೆ ತೋರಿಸದೆ ಬಚ್ಚಿಡುತ್ತಾರೆ, ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಬಚ್ಚಿಟ್ಟ ಹಾಗೆ. ಅದಕ್ಕೆ ಬಚ್ಚಿಟ್ಟ ಗುಂಪು ಎನ್ನುತ್ತಾರೆ. ಇವರ ಬಚ್ಚಿಟ್ಟ ಗುಂಪು ಎಲ್ಲಿತ್ತು ಎಂದು ಕೇಳಿದರೆ ಮಾತ್ರ ಸಿಂಧು ಸೆರಗು ತಿರುಚುತ್ತ ಕೂತುಬಿಟ್ಟಿದ್ದಳು. ತನಗೆ ಅದನ್ನು ತೋರಿಸಲಿಲ್ಲ, ಕೇಳಿದ್ದಕ್ಕೇ ಬೇರೆ ಕೆಲಸಕ್ಕೆ ಹಾಕಿದರು ಎಂದಷ್ಟೇ ಹೇಳಿದ್ದಳು.

ಮಂಗಳವಾರ ಮಾಗಡಿಯಲ್ಲಿ ಕಂಡದ್ದೂ ಈಗ ಅದರ ಪಕ್ಕ ಬಂದು ಕೂತಿತು. ಅಲ್ಲಿನ ಆಶಾ ಕಾರ್ಯಕರ್ತೆ ನೂರ್ಜಹಾನ್ ತನ್ನ ಫೋನಿನಲ್ಲಿ ಗುಳಿಗೆಗಣ್ಣಿನ ಆ್ಯಪ್ ತೆರೆದು ತೋರಿಸಿದ್ದಳು. ಇಂಥ ಮನೆಯವರಿಗೆ ಈ ಹಳದಿಯನ್ನೂ ಈ ನೀಲಿಯನ್ನೂ ಒಟ್ಟಿಗೆ ಕೊಡಬೇಡಿ ಎಂಬ ಎಚ್ಚರಿಕೆ, ಕೆಂಪಕ್ಷರದಲ್ಲಿ, ಒಂದಲ್ಲ ಒಂಬತ್ತು.

ಲತಾಮಣಿ ತನ್ನ ಫೋನು ತೆಗೆದಳು. ಜೂನಿನಲ್ಲಿ ಠಾಣೆಯಲ್ಲೇ ಸಿಬ್ಬಂದಿಗೆ ಕ್ಯಾಂಪ್ ಮಾಡಿದಾಗ ಎಲ್ಲರ ಫೋನಿಗೂ ಅದೇ ಆ್ಯಪ್ ಹಾಕಿ ಹೋಗಿದ್ದರು. ಅವಳು ಅದನ್ನು ತೆರೆದೇ ಇರಲಿಲ್ಲ. ಈಗ ತೆರೆದಳು. ಎಚ್ಚರಿಕೆಗಳು ಎಂಬಲ್ಲಿ ಒತ್ತಿದಳು. ಖಾಲಿ. ಮಾಗಡಿಯ ಕಡೆ ಫೋನು ಬಡಿದುಕೊಳ್ಳುತ್ತದೆ, ಕನಕಪುರದ ಕಡೆ ಬಾಯಿ ಮುಚ್ಚಿಕೊಂಡಿರುತ್ತದೆ. ಫೋನನ್ನು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿಗೆ ಸಿಕ್ಕಿಸಿದಳು.

ಕನಕಪುರದಲ್ಲಿ ಟೀಗೆ ನಿಲ್ಲಿಸಿದರು. ಅವಳು ಜೀಪಿನಲ್ಲೇ ಕೂತು ಕುಡಿದಳು. ಹೊರಗೆ ಬಾನೆಟ್ಟಿಗೆ ಒರಗಿ ನಿಂತ ಲಕ್ಷ್ಮಯ್ಯ ಜೇಬಿನಿಂದ ಏನೋ ತೆಗೆದು ಚರಕ್ಕನೆ ಹರಿದು ಬಾಯಿಗೆ ಹಾಕಿಕೊಂಡ. ಗುಟ್ಕಾ ಎಂದುಕೊಂಡಳು. ಬಯ್ಯಲೂ ಮನಸ್ಸಾಗದೆ ಲೋಟದೊಳಕ್ಕೆ ನೋಡುತ್ತ ಕೂತಳು.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಆ ಕಟ್ಟಡ ಅಚ್ಚ ಬಿಳಿ. ಎರಡನೆಯ ಮಹಡಿಯ ಬಾಗಿಲಲ್ಲಿ ಚಪ್ಪಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲ ಇಟ್ಟಿದ್ದರು. ಲತಾಮಣಿ ಹಾಕಿಕೊಳ್ಳಲಿಲ್ಲ. ಬೂಟಿಗೆ ಮೆತ್ತಿದ್ದ ಕುರಿ ಹಿಕ್ಕೆ ನುಣ್ಣನೆಯ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಉದುರಿತು.

ಗುಳಿಗೆಗಣ್ಣನ್ನು ಕಟ್ಟಿದ ಡಾಕ್ಟರ್ ಅಶ್ವಥ್ ಎದ್ದು ನಿಂತು ಸ್ವಾಗತಿಸಿದ. ರೋಗಿ ನೋಡುವ ಡಾಕ್ಟರಲ್ಲ, ಗಣಿತ ಓದಿ ಡಾಕ್ಟರಾದವನು. ಮಾಗಡಿ ಕಡೆಯವನೇ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ನಗುವುದಕ್ಕೆ ಯಾವ ಕಷ್ಟವೂ ಇಲ್ಲದ ಮುಖ. ಅವನ ಕಣ್ಣು ಮಾತ್ರ ಮೊದಲು ಹೋದದ್ದು ನೆಲದ ಮೇಲಿನ ಹಿಕ್ಕೆಯ ಕಡೆಗೆ.

ಅವಳು ಕವರನ್ನು ಅವನ ಗಾಜಿನ ಟೇಬಲ್ ಮೇಲಿಟ್ಟಳು. ಅವನು ಪೆನ್ನಿನ ತುದಿಯಿಂದ ಅದನ್ನು ತನ್ನ ಕಡೆಗೆ ಎಳೆದುಕೊಂಡ.

"ದಾಸಮ್ಮ," ಎಂದಳು. "ನಿಮ್ಮ ಕಡತದಲ್ಲಿ ಹಳದಿ ಮಾತ್ರೆ ಆಗಸ್ಟ್ ಐದಕ್ಕೆ ನಿಂತಿದೆ. ಚೀಟಿ ಮೇಲಿನ ತಾರೀಕು ಓದಿ."

ಓದಿದ. ನಗು ಅಲ್ಲೇ ಇತ್ತು, ಆದರೆ ಪೆನ್ನು ಒಂದು ಕ್ಷಣ ನಿಂತಿತು. "ಇದು ವಾಪಸ್ ಬರಬೇಕಿತ್ತು," ಎಂದ.

"ಆಡು ತಿಂತು ಅಂತ ಬರ್ಕೊಂಡಿದೀರಲ್ಲ."

ಕೆಳಗಿನ ಹುಡುಗರು ತಪ್ಪು ತುಂಬಿಸಿರಬಹುದು, ವಿಚಾರಿಸುತ್ತೇನೆ ಎಂದ. ಅವಳು ವಿಚಾರಣೆಯ ಮಾತನ್ನೇ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಜೋಡಿಗೆ ನಿಮ್ಮ ಯಂತ್ರ ಎಷ್ಟು ಅಂಕ ಕೊಟ್ಟಿತ್ತು ಎಂದು ಕೇಳಿದಳು. ತೊಂಬತ್ತನಾಲ್ಕು ಎಂದ, ಮಗನ ಪರೀಕ್ಷೆಯ ಫಲಿತಾಂಶ ಹೇಳುವ ಅಪ್ಪನ ಹಾಗೆ. ಪ್ರಪಂಚದ ಯಾವ ಪುಸ್ತಕದಲ್ಲೂ ಈ ಜೋಡಿ ಇಲ್ಲವಂತೆ. ನೀಲಿ ಕ್ಯಾಪ್ಸೂಲ್ ಬಂದು ಎರಡೇ ವರ್ಷವಂತೆ. ಗುಳಿಗೆಗಣ್ಣೇ ಮೊದಲು ಹಿಡಿದದ್ದಂತೆ.

"ಮಾಗಡೀಲಿ ಅದೇ ಅಂಕಕ್ಕೆ ಫೋನು ಬಡ್ಕೊಂಡಿತು. ಸಾತನೂರಲ್ಲಿ ಯಾಕೆ ಬಡ್ಕೊಳ್ಳಲಿಲ್ಲ?"

ಅಶ್ವಥ್ ಬೆನ್ನು ಒರಗಿಸಿ ಕೂತ. ತಡವರಿಸುತ್ತಾನೆ, ಬೆವರುತ್ತಾನೆ, ವಕೀಲರನ್ನು ಕರೆಯುತ್ತಾನೆ ಎಂದೆಲ್ಲ ಅವಳು ಕಾದಿದ್ದಳು. ಅವನು ಪಾಠ ಹೇಳಲು ಶುರುಮಾಡಿದ.

"ನೋಡಿ ಮೇಡಂ, ಅಂಕ ಅಂದ್ರೆ ಅಂದಾಜು. ಎಚ್ಚರಿಕೆ ಕೊಟ್ರೆ ಜನ ಮಾತ್ರೆ ಬಿಡ್ತಾರೆ. ಬಿಟ್ರೆ ಯಂತ್ರ ಹೇಳಿದ್ದು ಸರಿಯಿತ್ತೋ ತಪ್ಪಿತ್ತೋ ಗೊತ್ತಾಗೋದು ಹೇಗೆ? ಒಂದು ಭಾಗಕ್ಕೆ ಹೇಳ್ಬೇಕು. ಇನ್ನೊಂದು ಭಾಗವನ್ನ ಹಾಗೇ ಬಿಟ್ಟು ಗಮನಿಸ್ಬೇಕು."

"ಹಾಗೇ ಬಿಟ್ಟು."

"ಗಮನಿಸ್ಬೇಕು," ಎಂದು ತಿದ್ದಿದ.

ಲತಾಮಣಿ ಅವನ ಕೈಗಳತ್ತ ನೋಡಿದಳು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕೊಚ್ಚಿದವರನ್ನು ಕಂಡಿದ್ದಳು, ಸುಟ್ಟವರನ್ನು ಕಂಡಿದ್ದಳು. ಅವರಲ್ಲಿ ಹೆಚ್ಚಿನವರಿಗೆ ಕೈಯಾದರೂ ನಡುಗುತ್ತಿತ್ತು. ಬೇರೆಯವರು ನಡೆದುಹೋದದ್ದನ್ನು ಬಚ್ಚಿಟ್ಟು ಯಂತ್ರವನ್ನು ಪರೀಕ್ಷಿಸುತ್ತಾರೆ. ಈ ಮನುಷ್ಯ ಇನ್ನೂ ನಡೆಯದೇ ಇದ್ದದ್ದನ್ನು ಬಚ್ಚಿಟ್ಟು, ಒಬ್ಬ ಹೆಂಗಸಿಗೆ ಹೊಸ್ತಿಲು ದಾಟಲಾಗದ ದಿನ ಯಾವಾಗ ಬರುತ್ತದೆ ಎಂದು ಈ ತಣ್ಣನೆಯ ಕೋಣೆಯಲ್ಲಿ ಕೂತು ಕಾದಿದ್ದ. ಒಂದು ಫೋನಿನ ಸದ್ದು ಸಾಕಿತ್ತು. ಅವಳಿಗೆ ಅವನು ಮುಟ್ಟಿದ ಕವರನ್ನು ಮತ್ತೆ ಮುಟ್ಟಲೂ ಹೇಸಿಗೆಯಾಯಿತು.

"ಅಸಹ್ಯ," ಎಂದಳು, ಅವನಿಗೆ ಕೇಳುವ ಹಾಗೇ.

"ಭಾವನೆ ಅರ್ಥವಾಗುತ್ತೆ," ಎಂದ. "ಆದ್ರೆ ನಾಳೆ ಈ ಜೋಡಿಯ ಅಪಾಯದಿಂದ ಲಕ್ಷಾಂತರ ಜನ ಉಳೀತಾರೆ. ಬಲವಂತವಾಗಿ ಯಾರಿಗೂ ನುಂಗಿಸಿಲ್ಲ ನಾವು. ಬರೆದದ್ದು ಕ್ಯಾಂಪಿನ ಡಾಕ್ಟರು, ನುಂಗಿದ್ದು ಅವರು. ಎಲ್ಲರ ಒಪ್ಪಿಗೆ ಪತ್ರನೂ ಇದೆ."

"ಎಷ್ಟು ಜನ?"

"ನಲವತ್ತೊಂದು."

ಮೂವರು ಹೋಗಿದ್ದಾರೆ. ಮೂವತ್ತೆಂಟು ಜನ ಈ ಹೊತ್ತಿಗೂ ಮನೆಯಲ್ಲಿ ಕೂತು ಹಳದಿಯ ಮೇಲೆ ನೀಲಿ ನುಂಗುತ್ತಿರಬಹುದು. ಪತ್ರಗಳನ್ನು ಈಗಲೇ ಕೊಡಿ ಎಂದಳು. ಅವನು ತಡಮಾಡಲಿಲ್ಲ. ಕಪಾಟಿನಿಂದ ಕಟ್ಟು ತೆಗೆದು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟ. ಆ ಚುರುಕು ಅವಳಿಗೆ ಹಿಡಿಸಲಿಲ್ಲ, ಆದರೆ ಯೋಚನೆ ಮಾಡಲು ಹೊತ್ತಿರಲಿಲ್ಲ. ತನ್ನ ಫೋನು ಜೀಪಿನಲ್ಲೇ ಉಳಿದಿದ್ದರಿಂದ ಅವನ ಟೇಬಲ್ ಮೇಲಿದ್ದ ಫೋನಿನಿಂದಲೇ ಮುಷರಫ್‌ಗೆ ಕರೆ ಮಾಡಿದಳು. ಒಂದೊಂದೇ ಹೆಸರು ಓದುತ್ತೇನೆ, ಬರೆದುಕೊ, ಆರೋಗ್ಯ ಇಲಾಖೆಯವರನ್ನು ಕರೆದುಕೊಂಡು ಮನೆಮನೆಗೆ ಹೋಗಿ ನೀಲಿ ಕ್ಯಾಪ್ಸೂಲ್ ನಿಲ್ಲಿಸು, ಇವತ್ತೇ ಎಂದಳು.

ಒಂದು ಹಾಳೆಗೆ ಒಂದು ಹೆಸರು. ಕೆಳಗೆ ಹೆಬ್ಬೆಟ್ಟೋ ಸಹಿಯೋ, ಅದರ ಕೆಳಗೆ ಸಾಕ್ಷಿಯ ಸಹಿ. ಮೂಲೆಯಲ್ಲಿ ಅಂಕ, ಅದರ ಪಕ್ಕ ತೊಂದರೆ ಕಾಣಿಸಿಕೊಳ್ಳಬಹುದಾದ ವಾರ. ಅದನ್ನೂ ಯಂತ್ರ ಲೆಕ್ಕ ಹಾಕಿತ್ತು. ಅವಳು ಹೆಸರು ಮತ್ತು ಊರನ್ನಷ್ಟೇ ಓದುತ್ತ ಹಾಳೆ ತಿರುವಿದಳು. ಆ ಕಡೆಯಿಂದ ಮುಷರಫ್ ಹೂಂ, ಹೂಂ ಎನ್ನುತ್ತಿದ್ದ.

ಇಪ್ಪತ್ತೊಂಬತ್ತನೆಯ ಹಾಳೆ.

"ಲಕ್ಷ್ಮಯ್ಯ," ಎಂದು ಓದಿದಳು. "ಐವತ್ತಮೂರು ವರ್ಷ. ಸಾತನೂರು. ಉದ್ಯೋಗ..."

"ಉದ್ಯೋಗ ಏನು ಮೇಡಂ?" ಎಂದ ಮುಷರಫ್. "ಮೇಡಂ?"

ಬೆಲ್ಟಿನ ಸಂದಿಗೆ ತೂರಿದ ಕೈ. ಹಿಡಿದುಕೊಂಡ ಕಾಲು. ಬಾನೆಟ್ಟಿನ ಹತ್ತಿರ ಚರಕ್ಕನೆ ಹರಿದ ಸದ್ದು. ಎಲ್ಲವೂ ಬೆಳಗಿನಿಂದ ಅವಳ ಕಣ್ಣೆದುರೇ ಇತ್ತು. ಹೇಸಿಗೆಪಟ್ಟು ಮುಖ ತಿರುಗಿಸಿದವಳು ಅವಳೇ.

ಅಂಕ ತೊಂಬತ್ತೇಳು. ವಾರ, ನವೆಂಬರಿನ ಕೊನೆಯದು. ಅಂದರೆ ಈ ವಾರ.

"ಸಾಕ್ಷಿ ಯಾರು ಅಂತಲೂ ಓದಿ ಮೇಡಂ," ಎಂದ ಅಶ್ವಥ್ ಮೆಲ್ಲಗೆ.

ನೀಲಿ ಶಾಯಿಯ ಸಹಿ. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಗೆರೆ ಹಾಕುವ ಅಭ್ಯಾಸ ಅವಳದೇ. ಜೂನ್ ಹದಿನಾಲ್ಕು. ನೆನಪಾಯಿತು. ಅವತ್ತು ಬಂದೋಬಸ್ತಿಗೆ ಹೊರಟ ಗಡಿಬಿಡಿ. ಜೀಪಿನ ಬಾನೆಟ್ ಮೇಲೆ ಯಾರೋ ಹಾಳೆ ಇಟ್ಟರು. ಸಿಬ್ಬಂದಿಯ ಕ್ಯಾಂಪಿನ ಕಾಗದ, ಸುಮ್ಮನೆ ಒಂದು ಸಹಿ ಎಂದರು. ಓದದೆ ಹಾಕಿಕೊಟ್ಟಿದ್ದಳು. ಠಾಣೆಗೆ ಬಂದ ಹೆಬ್ಬೆಟ್ಟಿನ ಜನರಿಗೆಲ್ಲ, ಓದಿಸಿಕೊಂಡು ಒತ್ತಿ ಎಂದು ದಿನಕ್ಕೆ ಹತ್ತು ಸಲ ಬೈಯುವವಳು.

"ಆ ಒಂದು ಹಾಳೆ ಇಲ್ಲೇ ಬಿಟ್ಟು ಹೋಗಿ," ಎಂದ ಅಶ್ವಥ್. "ಮಿಕ್ಕ ನಲವತ್ತು ತಗೊಂಡು ಹೋಗಿ, ಕೋರ್ಟಿಗೆ ಹಾಕಿ, ಹೋರಾಡೋಣ. ಇದು ಒಳಗಿದ್ರೆ ಮೊದಲ ಪ್ರಶ್ನೆ ನಿಮಗೇ ಬರುತ್ತೆ."

ಲತಾಮಣಿ ಕಟ್ಟಿನ ಮೇಲೆ ಆ ಹಾಳೆಯನ್ನೇ ಮೊದಲಿಗಿಟ್ಟು ಮಡಚಿ ಎದೆಗವಚಿಕೊಂಡಳು. ಎರಡು ಮಹಡಿಯ ಮೆಟ್ಟಿಲನ್ನು ಹೇಗೆ ಇಳಿದಳೋ ಅವಳಿಗೇ ತಿಳಿಯದು.

ಲಕ್ಷ್ಮಯ್ಯ ಜೀಪಿನ ಬಾಗಿಲು ಹಿಡಿದು ನಿಂತಿದ್ದ. ಬಲಗಾಲನ್ನು ಮೆಟ್ಟಿಲಿನ ಮೇಲಿಡಲು ನೋಡುತ್ತಿದ್ದ. ಕಾಲು ಒಂದು ಗೇಣು ಮೇಲೆದ್ದು ಮತ್ತೆ ನೆಲಕ್ಕೆ ಬಿತ್ತು. ಅವಳನ್ನು ಕಂಡು ಸಂಕೋಚದಿಂದ ನಕ್ಕ.

"ಬೆಟ್ಟ ಒಸಿ ಜಾಸ್ತಿ ಆಗ್ಬುಡ್ತು ಮೇಡಂ. ಕಾಲೆತ್ತಕ್ಕಾಯ್ತಾ ಇಲ್ಲ."

"ಟೀ ಜೊತೆ ಏನು ಹಾಕ್ಕೊಂಡ್ರಿ ಬಾಯಿಗೆ?"

"ಗುಟ್ಕಾ ಅಲ್ಲ ಮೇಡಂ, ಆಣೆ. ಬುಟ್ಟು ಆರು ತಿಂಗ್ಳಾಯ್ತು." ಜೇಬಿನಿಂದ ತೆಗೆದು ತೋರಿಸಿದ. ನೀಲಿ ಪಟ್ಟಿ. ಒಂದೇ ಕ್ಯಾಪ್ಸೂಲ್ ಉಳಿದಿತ್ತು. "ಗಜಕರ್ಣದ್ದು. ನಿಮ್ಗೆ ಅಸಹ್ಯ ಆಯ್ತದೆ ಅಂತ ಯೋಳಿರ್ನಿಲ್ಲ."

ಅವಳು ಪಟ್ಟಿಯನ್ನು ಕಿತ್ತುಕೊಂಡಳು. "ಮೂತ್ರ ಯಾವ ಬಣ್ಣ ಹೋಗ್ತಿದೆ?"

"ಅಯ್ಯೋ ಮೇಡಂ, ಅದೆಲ್ಲ..."

"ಹೇಳಿ ಲಕ್ಷ್ಮಯ್ಯನೋರೆ."

ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಹಾಗೆ ಕರೆದಿರಲಿಲ್ಲ. ಅವನು ನೆಲ ನೋಡಿದ. "ಡಿಕಾಕ್ಸನ್ ಇದ್ದಂಗೆ," ಎಂದ. "ನೆನ್ನೆಯಿಂದ."

ಅವನ ಕಂಕುಳಿಗೆ ಹೆಗಲು ಕೊಟ್ಟು, ಸೊಂಟಕ್ಕೆ ಕೈ ಹಾಕಿ, ಅವನು ಕೆರೆದು ಕೆರೆದು ಹಸಿ ಮಾಡಿಕೊಂಡಿದ್ದ ಜಾಗವನ್ನೇ ಬಿಗಿಯಾಗಿ ಹಿಡಿದು ಪಕ್ಕದ ಸೀಟಿಗೆ ಎತ್ತಿ ಕೂರಿಸಿದಳು. ಈಗ ಅವಳಿಗೆ ಅದರಿಂದ ಹೇಸಿಗೆ ಬರಲಿಲ್ಲ. ಬಂದದ್ದೆಲ್ಲ ತನ್ನ ಮೇಲೆಯೇ ಬಂತು. ತಾನೇ ಸ್ಟೇರಿಂಗ್ ಹಿಡಿದು ಗಾಡಿ ಎಬ್ಬಿಸಿದಳು.

"ಖಾಲಿ ಪಟ್ಟಿಗಳನ್ನ ಏನು ಮಾಡಿದ್ರಿ? ಮನೇಲಿದಾವಾ?"

"ಇಲ್ಲ ಮೇಡಂ. ಕೇಳ್ತಿದ್ರಲ್ಲ, ಎಲ್ಲಾನೂ ವಾಪಸ್ ಕೊಟ್ಬುಟ್ಟೆ. ಒಂದೂ ತಪ್ಪಿಸಿಲ್ಲ."

ಶಿಸ್ತಿನ ಮನುಷ್ಯ. ದಾಸಮ್ಮನ ಹಾಗೆ ಒಂದು ಸುಳ್ಳೂ ಹೇಳಿಲ್ಲ, ಆಡಿನ ಮೇಲೂ ಹಾಕಿಲ್ಲ. ಅವನು ಏನು ನುಂಗಿದ, ಯಾವಾಗ ನುಂಗಿದ ಎಂಬುದೆಲ್ಲ ಈಗ ಆ ಬಿಳಿ ಕಟ್ಟಡದ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಎರಡನೆಯ ಮಹಡಿಯ ಕಿಟಕಿಯಲ್ಲಿ ಅಶ್ವಥ್ ನಿಂತಿದ್ದ. ಆಂಬ್ಯುಲೆನ್ಸ್‌ಗೆ ಕರೆ ಮಾಡುತ್ತಿರಲಿಲ್ಲ. ತಲೆ ಬಗ್ಗಿಸಿ ಕೈಯಲ್ಲಿದ್ದುದರ ಮೇಲೆ ಏನೋ ಒತ್ತುತ್ತಿದ್ದ.

ಗೇಟು ದಾಟಿ ಮುಖ್ಯರಸ್ತೆಗೆ ತಿರುಗುವಾಗ ಡ್ಯಾಶ್‌ಬೋರ್ಡಿನ ಫೋನು ಬಡಿದುಕೊಂಡಿತು. ಎದುರಿಗೆ ಲಾರಿ. ಅವಳ ಎರಡೂ ಕೈ ಸ್ಟೇರಿಂಗ್ ಮೇಲೆ. ಪರದೆಯಲ್ಲಿ ಬೆಳಿಗ್ಗೆ ಖಾಲಿಯಿದ್ದ ಜಾಗದಲ್ಲಿ ಈಗಷ್ಟೇ ಕೆಂಪಕ್ಷರ ಮೂಡಿತ್ತು. ಅವಳಿಗಿಂತ ಮುಂಚೆ ಲಕ್ಷ್ಮಯ್ಯನೇ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ.

ಲಕ್ಷ್ಮಯ್ಯ, ಸಾತನೂರು. ಈ ಎರಡು ಮಾತ್ರೆ ಒಟ್ಟಿಗೆ ಕೊಡಬೇಡಿ. ಪ್ರಾಣಾಪಾಯ. ಸ್ವೀಕರಿಸಿದವರು, ಸಾಕ್ಷಿ ಲತಾಮಣಿ. ಓದಲಾಗಿದೆ. ಕಳಿಸಿದ ದಿನ, ಜೂನ್ ಹದಿನಾಲ್ಕು.

ಲಾರಿ ದಾಟಿತು. ಲಕ್ಷ್ಮಯ್ಯ ಮತ್ತೊಮ್ಮೆ ತಾರೀಕು ಓದಿದ. ಆಮೇಲೆ ಸೀಟಿಗೆ ಒರಗಿ, ಅವಳ ಮುಖವನ್ನೇ ನೋಡಿದ.

"ಜೂನಲ್ಲೇ ಗೊತ್ತಿತ್ತಾ ಮೇಡಂ ನಿಮ್ಗೆ?" ಎಂದ.